ತಮ್ಮನಿಗೆ ಕೇಳದೆ ಬಿಟ್ಟ ಪ್ರಶ್ನೆ

ನಾನು ನನ್ನ ತಮ್ಮನನ್ನು ಕೇಳಲಿಲ್ಲ. ಕೇಳುವುದು ನನ್ನ ಕೆಲಸವಾಗಿತ್ತು. ಅದಕ್ಕೆ ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಬೇಕಿರಲಿಲ್ಲ. ಆದರೂ ಕೇಳಲಿಲ್ಲ. ಕೇಳಿದೆಯಾ ಎಂದು ಡಾಕ್ಟರು ವಿಚಾರಿಸಿದಾಗ ಕೇಳಿದೆ ಎಂದೆ.

ಕೊಪ್ಪದ ಒಂದು ಸಣ್ಣ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ. ನರ್ಸ್ ಅಲ್ಲ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಕಸ ಗುಡಿಸಿ, ನೆಲ ಒರೆಸಿ, ಬಂದವರನ್ನು ಸರದಿಯಲ್ಲಿ ಕೂರಿಸುವ ಕೆಲಸಕ್ಕೆ ಸೇರಿದ್ದು. ಆಗ ಇದ್ದ ಹಳೆಯ ಡಾಕ್ಟರು ಬಾಗಿಲಲ್ಲಿ ಮುಖ ಕಂಡ ಕೂಡಲೇ ಇವರು ಯಾರ ಮನೆಯವರು, ಹೋದ ಸಲ ಕೊಟ್ಟ ಔಷಧಿ ಯಾವುದು ಎಂದು ಹೇಳಿಬಿಡುತ್ತಿದ್ದರು. ಅವರಿಗೆ ವಯಸ್ಸಾದ ಮೇಲೆ ಕ್ಲಿನಿಕ್ಕು ಈಗಿನ ಡಾಕ್ಟ್ರಮ್ಮನ ಕೈಗೆ ಬಂತು. ಇವರು ಬಯಲುಸೀಮೆ ಕಡೆಯವರು. ಯಾರ ಮುಖವೂ ಗೊತ್ತಿಲ್ಲ.

ಬಂದ ಕೆಲವೇ ದಿನಗಳಲ್ಲಿ ಎಲ್ಲ ಬದಲಾಯಿತು. ಬಳಸಿದ ಸೂಜಿಗೆ ಒಂದು ಡಬ್ಬ, ರಕ್ತದ ಹತ್ತಿಗೆ ಬೇರೆ ಬಣ್ಣದ ಚೀಲ. ಲಸಿಕೆ ಇಡುವ ಫ್ರಿಜ್ಜಿನಲ್ಲಿದ್ದ ನನ್ನ ಮಜ್ಜಿಗೆ ಬಾಟಲಿ ಹೊರಗೆ ಬಂತು. ಗೋಡೆಗೆ ಒಂದು ಕೆಂಪು ಪೆಟ್ಟಿಗೆ ಬಂತು. ಔಷಧಿ ಯಾರಿಗಾದರೂ ಮೈಗೆ ಹಿಡಿಸದೆ ಜೀವಕ್ಕೆ ಕುತ್ತು ಬಂದರೆ ಕೂಡಲೇ ಚುಚ್ಚುವ ಇಂಜೆಕ್ಷನ್ ಅದರಲ್ಲಿತ್ತು. ಸೋಮವಾರ ಸೋಮವಾರ ಅದನ್ನು ತೆಗೆದು, ತಾರೀಕು ಮುಗಿದಿಲ್ಲ ತಾನೇ ಎಂದು ನೋಡಿ, ಇದ್ದ ಜಾಗದಲ್ಲೇ ಇಡಬೇಕು. ಒಂದು ಸಲವೂ ಬಳಸದ ವಸ್ತುವನ್ನು ದೇವರ ಪೆಟ್ಟಿಗೆಯ ಹಾಗೆ ಒರೆಸಿಡುವುದು ಯಾಕೆಂದು ನಾನು ಗೊಣಗುತ್ತಿದ್ದೆ.

ಇದೆಲ್ಲ ಮಾಡಬಹುದು. ಕಷ್ಟವಾದದ್ದು ಬಾಯಿಬಿಟ್ಟು ಕೇಳುವ ಕೆಲಸ. ಇಂಜೆಕ್ಷನ್ನಿಗೆಂದು ಸ್ಟೂಲಿನ ಮೇಲೆ ಯಾರೇ ಕೂರಲಿ, ನಿನ್ನೆ ಬಂದು ಹೋದವರೇ ಆಗಲಿ, ಮೂರು ಮಾತು ಗಟ್ಟಿಯಾಗಿ ಕೇಳಬೇಕು. ನಿಮ್ಮ ಹೆಸರೇನು, ಏನು ತೊಂದರೆ, ಯಾವುದಾದರೂ ಔಷಧಿ ನಿಮಗೆ ಆಗಿಬರುವುದಿಲ್ಲವಾ. ಉತ್ತರ ಅವರ ಬಾಯಿಂದಲೇ ಬರಬೇಕು. "ನಿಮಗೆ ಗೊತ್ತಿದೆ ಅಂತ ನೀವೇ ಹೇಳಿಬಿಡಬೇಡಿ," ಎಂದು ಡಾಕ್ಟ್ರಮ್ಮ ಮತ್ತೆ ಮತ್ತೆ ಹೇಳಿದ್ದರು.

ನಮ್ಮ ಕಡೆ ಗೊತ್ತಿದ್ದವರ ಹೆಸರು ಕೇಳಿದರೆ ಅವಮಾನ ಮಾಡಿದ ಹಾಗೆ. ಶೃಂಗೇರಿ ರಸ್ತೆಯಲ್ಲಿ ಅಂಗಡಿ ಇಟ್ಟಿರುವ, ನನಗೆ ಭಾವನ ಲೆಕ್ಕದ ಒಬ್ಬರು ಕೆರಳಿಯೇಬಿಟ್ಟರು.

"ಎಂತ ಮಾರಾಯ್ತಿ, ನಿನ್ನ ಮದುವೇಲಿ ಪಾಯಸ ಬಡಿಸಿದವ ನಾನು. ನನ್ನ ಹೆಸರು ಕೇಳ್ತೀಯಲ?"

"ಮರ್ತಿಲ್ಲ ಭಾವ. ಡಾಕ್ಟ್ರಮ್ಮ ಕೇಳು ಅಂದಿದಾರೆ."

"ಹಂಗಾರೆ ಮೈಸೂರು ಮಹಾರಾಜರು ಬಂದಿದಾರೆ ಅಂತ ಹೇಳು ಅವ್ರಿಗೆ."

ಬೇಗಾರಿನಿಂದ ಬರುವ ಒಬ್ಬ ಅಜ್ಜಿ ತನ್ನ ಹೆಸರು ಹೇಳಿ, "ಗಂಡನ ಹೆಸರು ಮಾತ್ರ ಕೇಳ್ಬೇಡ ಮಗಾ, ಸತ್ರೂ ಹೇಳದಿಲ್ಲ," ಎಂದು ಕೋಣೆಯನ್ನೆಲ್ಲ ನಗಿಸಿದಳು. ಹೀಗೆ ನಗಿಸಿಕೊಂಡು, ಬೈಸಿಕೊಂಡು ರೂಢಿಯಾಯಿತು. ನನ್ನ ಮಾವನವರನ್ನೂ ಕೇಳಿದೆ. ಕೇಳದೆ ಬಿಟ್ಟದ್ದು ಒಬ್ಬನನ್ನು ಮಾತ್ರ.

ತಮ್ಮ ಬಸರೀಕಟ್ಟೆ ಕಡೆಯ ಕಾಫಿ ಎಸ್ಟೇಟಿನಲ್ಲಿ ಜೀಪು ಓಡಿಸುತ್ತಾನೆ. ಅವನ ಹೆಂಡತಿ, ಮಕ್ಕಳು, ಅಮ್ಮ ಎಲ್ಲ ನರಸಿಂಹರಾಜಪುರದ ಹತ್ತಿರದ ನನ್ನ ತವರುಮನೆಯಲ್ಲಿದ್ದಾರೆ. ಅವನು ನಮ್ಮ ಕ್ಲಿನಿಕ್ಕಿಗೆ ಬರುವುದಕ್ಕೂ ಹಿಂದಿನ ಮಳೆಗಾಲದಲ್ಲಿ ಒಂದು ದಿನ ಅಮ್ಮ ಫೋನ್ ಮಾಡಿದ್ದಳು. ನಾನು ಕ್ಲಿನಿಕ್ಕಿನ ಬಾಗಿಲು ಹಾಕಿ ಬಸ್ಸಿಗೆ ಓಡುತ್ತಿದ್ದೆ.

"ತಮ್ಮಂಗೆ ಹಲ್ಲುನೋವು ಅಂತ ಅಲ್ಲಿ ಎಂತದೋ ಇಂಜೆಕ್ಷನ್ ಕೊಟ್ರಂತೆ ಕಣೇ. ಮುಖ ಎಲ್ಲ ಊದ್ಕಂಡು ಕುಂಬಳಕಾಯಿ ಆಗಿತ್ತಂತೆ."

"ಕಳಲೆ ತಿಂದಿರ್ತಾನೆ. ಹಲ್ಲುನೋವು ಇಟ್ಕಂಡು ಕಳಲೆ ತಿಂದ್ರೆ ನಂಜಾಗದೆ ಇರ್ತದಾ?"

"ಹೌದು, ತಿಂದಿದ್ದ," ಎಂದಳು ಅಮ್ಮ. ಅಲ್ಲಿಗೆ ಮಾತು ಮುಗಿಯಿತು.

ಕಳಲೆಯೆಂದರೆ ಬಿದಿರಿನ ಎಳೆ ಮೊಳಕೆ. ಮಳೆಗಾಲದಲ್ಲಿ ನಮ್ಮಲ್ಲಿ ಯಾರಿಗೆ ಮೈ ತುರಿಸಲಿ, ಮುಖ ಊದಲಿ, ಮೊದಲ ತಪ್ಪಿತಸ್ಥ ಕಳಲೆಯೇ. ಅದು ನಂಜು, ಇದ್ದ ರೋಗವನ್ನು ಕೆರಳಿಸುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಊರವರನ್ನೆಲ್ಲ ಔಷಧಿ ಆಗಿಬರುವುದಿಲ್ಲವಾ ಎಂದು ಕೇಳುತ್ತಿದ್ದ ನಾನು, ಉತ್ತರ ತಾನಾಗಿ ಕಿವಿಗೆ ಬಿದ್ದಾಗ ಅದನ್ನು ಕಳಲೆಯ ಮೇಲೆ ಹೊರಿಸಿ ಬಸ್ಸು ಹತ್ತಿದೆ.

ಎಸ್ಟೇಟಿನಲ್ಲಿ ಕಳೆ ಹೊಡೆಯುವ ಮಷಿನ್ನಿಗೆ ಸಿಕ್ಕಿದ ಕಲ್ಲೊಂದು ಹಾರಿ ತಮ್ಮನ ಮೊಣಕಾಲಿನ ಕೆಳಗೆ ಬಡಿದಿತ್ತು. ಗಾಯವನ್ನು ಹಾಗೇ ಬಿಟ್ಟುಕೊಂಡು, ಕೀವಾಗಿ, ಜ್ವರ ಬಂದ ಮೇಲೆ ನನ್ನ ಹತ್ತಿರ ಬಂದ. ಅವತ್ತು ಬಹಳ ಜನ. ಬಿಸಿ ಹಾಲು ಚೆಲ್ಲಿಕೊಂಡ ಮಗುವೊಂದು ಒಳಗೆ ಕಿರುಚುತ್ತಿತ್ತು. ಡಾಕ್ಟ್ರಮ್ಮ ತಮ್ಮನ ಕಾಲು ನೋಡಿ, ಇಂಜೆಕ್ಷನ್ ಬೇಕೆಂದು ಹೇಳಿ, ಮಗುವಿನ ಕಡೆ ಹೋದರು. ನಾನು ಅವನನ್ನು ಸ್ಟೂಲಿನ ಮೇಲೆ ಕೂರಿಸಿದೆ.

"ಎಂತ ಅಕ್ಕಾ, ನಂಗೂ ಹೆಸರು ಕೇಳ್ತೀಯಾ?" ಎಂದು ನಕ್ಕ.

"ನಿಂಗೆ ಹೆಸರಿಟ್ಟವಳೇ ನಾನು. ಸುಮ್ನೆ ಕೂತ್ಕ."

ಅದು ನಿಜ. ಅವನು ಹುಟ್ಟಿದಾಗ ಹೆಸರು ಆರಿಸಿದ್ದು ನಾನು. ಬಾಗಿಲ ಹತ್ತಿರ ಕೂತಿದ್ದವರು ನಕ್ಕರು. ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯಲ್ಲಿ ಮೂರು ಪ್ರಶ್ನೆಯೂ ಹೋದವು.

ಡಾಕ್ಟ್ರಮ್ಮ ಓಡುತ್ತಲೇ ಬಂದರು. ಬೇರೆ ದಿನವಾದರೆ ತಾವೂ ಒಮ್ಮೆ ಕೇಳುತ್ತಿದ್ದರು. ಅವತ್ತು ನನ್ನ ಮುಖ ನೋಡಿ, "ಕೇಳಿದ್ರಾ?" ಎಂದರು.

"ಕೇಳಿದೆ ಮೇಡಂ."

ಇಂಜೆಕ್ಷನ್ ಕೊಟ್ಟು ಅವರು ಮತ್ತೆ ಮಗುವಿನ ಹತ್ತಿರ ಹೋದರು. ತಮ್ಮ ಮೊದಲು ಅಂಗೈ ಕೆರೆದುಕೊಂಡ. ಆಮೇಲೆ ಕುತ್ತಿಗೆ. ತುಟಿ ದಪ್ಪವಾಗುತ್ತಾ ಬಂತು. "ಅಕ್ಕಾ, ಉಸಿರು," ಎಂದ. ಮುಂದಿನ ಮಾತು ಬರಲಿಲ್ಲ. ಸ್ಟೂಲಿನಿಂದ ಜಾರಿ ನನ್ನ ಮೇಲೆ ಬಿದ್ದ. ಹೊರಗೆ ಯಾರೋ "ನಂಜಾಗಿರ್ಬೇಕು" ಎಂದದ್ದು ಕೇಳಿಸಿತು. ಅಮ್ಮನ ಫೋನು ಆಗ ನೆನಪಾಯಿತು.

ನಾನು ಕೂಗಿದ್ದಕ್ಕೆ ಡಾಕ್ಟ್ರಮ್ಮ ಬಂದರು. "ಕೆಂಪು ಪೆಟ್ಟಿಗೆ!" ಎಂದರು. ಅದು ಇದ್ದ ಜಾಗದಲ್ಲೇ ಇತ್ತು. ನೋಡದೆಯೇ ಕೈಗೆ ಸಿಕ್ಕಿತು. ಅವರು ತೊಡೆಗೆ ಚುಚ್ಚಿದರು, ಆಕ್ಸಿಜನ್ ಹಾಕಿದರು, ಆಂಬುಲೆನ್ಸಿಗೆ ಹೇಳಿದರು. ನಾನು ಅವನ ಕಾಲು ಎತ್ತಿ ಹಿಡಿದುಕೊಂಡಿದ್ದೆ. ಅವನ ಹಿಮ್ಮಡಿ ತಣ್ಣಗಿತ್ತು. ಆ ತಣ್ಣಗಿನ ಹಿಮ್ಮಡಿ ಈಗಲೂ ನನ್ನ ಅಂಗೈಯಲ್ಲಿದೆ. ಸ್ವಲ್ಪ ಹೊತ್ತಿಗೆ ಉಸಿರು ಎಳೆದ. ನಾನು ಗೊಣಗುತ್ತಾ ಒರೆಸಿಟ್ಟ ಪೆಟ್ಟಿಗೆ ಅವನನ್ನು ಉಳಿಸಿತು.

ದೊಡ್ಡ ಆಸ್ಪತ್ರೆಯಲ್ಲಿ ಅವನು ಚೇತರಿಸಿಕೊಂಡ ಮೇಲೆ ಡಾಕ್ಟ್ರಮ್ಮ ನೋಡಲು ಬಂದರು. ನಾನು ಮಂಚದ ಪಕ್ಕದಲ್ಲಿ ಕಿತ್ತಳೆ ಸುಲಿಯುತ್ತಿದ್ದೆ.

"ನಿಮಗೆ ಹಿಂದೆಯೂ ಹೀಗಾಗಿತ್ತಾ?" ಎಂದು ಅವನನ್ನು ಕೇಳಿದರು.

"ಆಗಿತ್ತು ಮೇಡಂ, ಎಸ್ಟೇಟ್ ಹತ್ರ ಹಲ್ಲುನೋವಿಗೆ ಇಂಜೆಕ್ಷನ್ ತಗಂಡಾಗ. ಆ ಔಷಧಿ ಮತ್ತೆ ತಗೋಬೇಡ ಅಂತ ಅಲ್ಲಿನ ಡಾಕ್ಟ್ರು ಹೇಳಿದ್ರು."

"ಮತ್ತೆ ನಿಮ್ಮ ಅಕ್ಕ ಕೇಳಿದಾಗ ಯಾಕೆ ಹೇಳಲಿಲ್ಲ?"

ತಮ್ಮ ನನ್ನ ಕಡೆ ನೋಡಿದ. ನಾನು ಕಿತ್ತಳೆಯಿಂದ ಕಣ್ಣೆತ್ತಲಿಲ್ಲ.

"ಮರ್ತೆ ಮೇಡಂ. ಜ್ವರ ಇತ್ತಲ್ಲ," ಎಂದ.

ಅವರು ಹೋದ ಮೇಲೆ ಮೆಲ್ಲಗೆ, "ಅಮ್ಮ ನಿಂಗೆ ಹೇಳಿದೀನಿ ಅಂದಿದ್ಲು. ಅಕ್ಕಂಗೆ ಗೊತ್ತಲ ಅಂತ ನಾನು ಬಾಯಿ ಬಿಡ್ಲಿಲ್ಲ. ಹೋಗ್ಲಿ ಬಿಡು, ನಿನ್ನ ಕೆಲ್ಸ ಹೋಗೋದು ಬ್ಯಾಡ," ಎಂದ. ನಾನು ಸುಲಿದ ಕಿತ್ತಳೆಯನ್ನು ಅವನ ಕೈಗಿಟ್ಟೆ. ಅವನು ಹೊತ್ತುಕೊಂಡದ್ದನ್ನು ಅವನ ಮೇಲೆಯೇ ಬಿಟ್ಟೆ.

ಊರಲ್ಲಿ ಅರ್ಧ ಜನ ಡಾಕ್ಟ್ರಮ್ಮನ ಕೈಗುಣ ಸರಿಯಿಲ್ಲ ಎಂದರು. ಇನ್ನರ್ಧ ಜನ ಜೀಪಿನವನಿಗೆ ಮರೆವು ಎಂದು ನಕ್ಕರು. ಎರಡಕ್ಕೂ ನಾನು ತಲೆಯಾಡಿಸಿದೆ. ಡಾಕ್ಟ್ರಮ್ಮ ಮೊದಲಿನ ಹಾಗೆ ಇರಲಿಲ್ಲ. ಸಿರಿಂಜು ಹಿಡಿದವರು ಸುಮ್ಮನೆ ನಿಂತುಬಿಡುತ್ತಿದ್ದರು. ಒಂದು ಸಂಜೆ ಕೈ ತೊಳೆಯುತ್ತಾ, "ನಾನೂ ಒಂದು ಸಲ ಕೇಳಬೇಕಿತ್ತು. ಆದರೆ ಕೇಳಿದರೂ ಜನ ಹೇಳೋದಿಲ್ಲ ಅಂದರೆ, ನಿಮ್ಮ ಕೈಲಿ ದಿನಾ ಇಷ್ಟು ಕೇಳಿಸೋದರಿಂದ ಏನು ಪ್ರಯೋಜನ?" ಎಂದರು. ಆಗಲೇ ಹೇಳಬಹುದಿತ್ತು. ನಾನು ಟವೆಲ್ ಕೊಟ್ಟೆ.

ಕಾಲಿನ ಗಾಯಕ್ಕೆ ಡ್ರೆಸ್ಸಿಂಗ್ ಮಾಡಿಸಲು ತಮ್ಮ ಮತ್ತೆ ಬಂದ. ಅವನನ್ನು ಕಂಡದ್ದೇ ಅಂಗಡಿಯ ಭಾವ ಬೆಂಚಿನ ಮೇಲಿಂದಲೇ ಶುರು ಮಾಡಿದರು.

"ಓಹೋ, ಬಂದ್ಯಾ ಮಾರಾಯ? ಈ ಸಲನಾದ್ರೂ ನೆನಪು ಜೇಬಲ್ಲಿ ಹಾಕ್ಕಂಡು ಬಂದ್ಯಾ, ಮನೇಲೇ ಬಿಟ್ಯಾ?"

ಎಲ್ಲರೂ ನಕ್ಕರು. ತಮ್ಮನೂ ನಕ್ಕ, ತಲೆ ತಗ್ಗಿಸಿಕೊಂಡು. ಜೀವ ಹೋಗಿ ಬಂದವನು ನನ್ನ ತಪ್ಪಿಗೆ ನಗಿಸಿಕೊಂಡು ಕುಂಟುತ್ತಾ ಬಂದು ಸ್ಟೂಲಿನ ಮೇಲೆ ಕೂತ. ಕೂರುವಾಗ ಅವನ ಕೈ ಗೋಡೆ ಹಿಡಿದುಕೊಂಡಿತ್ತು. ಅವನಿಗೆ ಆ ಸ್ಟೂಲಿನ ಭಯವಿತ್ತು.

ಡಾಕ್ಟ್ರಮ್ಮ ಕೈಗೆ ಗ್ಲೌಸ್ ಹಾಕಿಕೊಳ್ಳುತ್ತಾ ಒಳಗೆ ಬಂದರು. ಬಾಗಿಲು ತೆರೆದೇ ಇತ್ತು. ನಾನು ಅವನ ಎದುರು ನಿಂತು, ಹೊರಗಿನವರಿಗೂ ಕೇಳುವ ಹಾಗೆ, "ನಿಮ್ಮ ಹೆಸರೇನು?" ಎಂದೆ.

ತಮಾಷೆ ಎಂದುಕೊಂಡು ಅವನು ನನ್ನ ಮುಖ ನೋಡಿದ. ಅಲ್ಲವೆಂದು ತಿಳಿದ ಮೇಲೆ ನಾನಿಟ್ಟ ಹೆಸರನ್ನು ಹೇಳಿದ.

"ಏನು ತೊಂದರೆ?"

"ಕಾಲು ಗಾಯ."

"ಯಾವುದಾದರೂ ಔಷಧಿ ಆಗಿಬರುವುದಿಲ್ಲವಾ?"

ಹೇಳಿದ. ಬೆಂಚಿನ ಮೇಲೆ ಯಾರೂ ನಗಲಿಲ್ಲ. ಇನ್ನೊಂದು ಉಸಿರು ತಡೆದಿದ್ದರೆ ಮತ್ತೆ ಸುಮ್ಮನಾಗಿಬಿಡುತ್ತಿದ್ದೆ.

"ಮೇಡಂ, ಅವತ್ತು ಇವ ಮರ್ತಿದ್ದಲ್ಲ. ನಾನು ಇವನ್ನ ಕೇಳ್ಲೇ ಇಲ್ಲ. ಕೇಳಿದೆ ಅಂತ ನಿಮಗೆ ಸುಳ್ಳು ಹೇಳ್ದೆ," ಎಂದೆ. ಆಮೇಲೆ ತಮ್ಮನ ಕಡೆ ತಿರುಗಿದೆ. "ಅಮ್ಮನೂ ಹೇಳಿದ್ಲು, ನಾನೇ ಕಿವಿಗೆ ಹಾಕ್ಕಳ್ಳಿಲ್ಲ. ನಿನ್ನ ಮೇಲೆ ಹಾಕಿ ಸುಮ್ನಿದ್ದೆ. ತಪ್ಪಾಯ್ತು ಕಣೋ ತಮ್ಮ. ನಂದೇ ತಪ್ಪು."