ಪೇಟಿ ಮಾಸ್ತರರ ರೆಕಾರ್ಡಿಗೆ ಒಂದು ಮುಳ್ಳು

ಒಂದು ಮುಳ್ಳಿಗೆ ಸಾವಿರದ ಎಂಟುನೂರು ರೂಪಾಯಿ ಕೊಟ್ಟು ಬಂದಿದ್ದೇನೆ. ಕಾಲಿಗೆ ಚುಚ್ಚುವ ಮುಳ್ಳಲ್ಲ, ರೆಕಾರ್ಡಿನ ಮೇಲೆ ಓಡುವ ಮುಳ್ಳು. ಅದನ್ನು ಸಿಕ್ಕಿಸುವ ಸೆಕೆಂಡ್‌ಹ್ಯಾಂಡ್ ಟರ್ನ್‌ಟೇಬಲ್ಲಿಗೇ ಮಾಪುಸಾದ ಸಂತೆಯಲ್ಲಿ ಕೊಟ್ಟದ್ದು ಎರಡೂವರೆ ಸಾವಿರ.

"ಎಮ್ಮಿ ರೇಟಿನ್ಯಾಗ ಹಗ್ಗ ತಂದೀರಲ್ಲರಿ ಸಾವ್ಕಾರ್ರ," ಎಂದು ಪಕ್ಕದ ಬಟ್ಟೆ ಅಂಗಡಿಯ ಬಸಣ್ಣ ನಗುತ್ತಾನೆ.

ನಗಲಿ. ಗೋವೆಯ ವಾಸ್ಕೋದಲ್ಲಿ ಇಂದು ನನಗೊಂದು ಪಾತ್ರೆ ಅಂಗಡಿ ಇದೆ. ಆದರೆ ನಾನು ವ್ಯಾಪಾರ ಕಲಿತದ್ದು ಇದೇ ಊರಿನ ಬಾಯ್ನಾದ ರಸ್ತೆ ಬದಿಯಲ್ಲಿ, ಗೋಣಿತಾಟಿನ ಮೇಲೆ ಅಲ್ಯುಮಿನಿಯಂ ಬೋಗುಣಿ ಹರಡಿಕೊಂಡು. ಒಂದು ಸೌಟಿಗೆ ಅರ್ಧ ತಾಸು ಚೌಕಾಶಿ ಮಾಡುವ ಗಿರಾಕಿಗಳು ನನ್ನ ಗುರುಗಳು. ನಾನು ದುಡ್ಡು ಸುಮ್ಮನೆ ಬಿಚ್ಚುವವನಲ್ಲ.

ಹಾಗಾದರೆ ಯಾಕೆ ಬಿಚ್ಚಿದೆ?

ನನ್ನ ಹೆಂಡತಿ ಗಿರಿಜಾಳ ತಂದೆ ನಾಟಕ ಕಂಪನಿಯಲ್ಲಿ ಪೇಟಿ ಮಾಸ್ತರರು. (ನಮ್ಮ ಧಾರವಾಡದ ಕಡೆ ಹಾರ್ಮೋನಿಯಂಗೆ ಪೇಟಿ ಅನ್ನುತ್ತೇವೆ.) ಜೀವನವಿಡೀ ಬಾರಿಸಿದರು. ಉಳಿದದ್ದು ಒಂದೇ ಒಂದು ಸಣ್ಣ ರೆಕಾರ್ಡು. ಎರಡು ನಾಟಕದ ಹಾಡು. ಲೇಬಲ್ಲಿನ ಮೇಲೆ ಹಾಡಿದವರ ಹೆಸರಿದೆ, ಪೇಟಿಯವರದಿಲ್ಲ. ಮಾವನವರು ಈಗಿಲ್ಲ. ಆ ರೆಕಾರ್ಡಿನ ಇನ್ನೊಂದು ಪ್ರತಿ ಎಲ್ಲಿಯೂ ಸಿಕ್ಕಿಲ್ಲ. ಟರ್ನ್‌ಟೇಬಲ್ ತಂದದ್ದು ಅದಕ್ಕಾಗಿ.

ತಂದಾಗ ಅದರ ಮೂತಿಯ ಮೇಲೆ, ಅಂದರೆ ತೋಳಿನ ತುದಿಯಲ್ಲಿ ಮುಳ್ಳು ಕೂರುವ ತುಂಡಿನ ಮೇಲೆ, ಒಂದು ರೂಪಾಯಿಯ ನಾಣ್ಯ ಅಂಟಿಸಿತ್ತು. ಮುಳ್ಳು ಹಾರಬಾರದೆಂದು ನಮ್ಮ ಜನ ಮಾಡುವ ಮದ್ದು ಇದು. ಹಾರುವುದು ನಿಲ್ಲುತ್ತದೆ, ನಿಜ. ಆದರೆ ಸವೆದ ಮುಳ್ಳಿನ ಮೇಲೆ ಭಾರ ಹೇರಿದರೆ ಅದು ಹಾಡುವುದಿಲ್ಲ, ಉಳುತ್ತದೆ. ಕೊಸರಿಗೆಂದು ಕೇಳಿ ತಂದಿದ್ದ ಗೀರುಬಿದ್ದ ಇಂಗ್ಲಿಷ್ ರೆಕಾರ್ಡು ಹಾಕಿ ನೋಡಿದೆ. ಎರಡೂ ಸ್ಪೀಕರಿನಲ್ಲಿ ದನಿ ಸಮನಾಗಿ ಬಂತು. ಆದರೆ ಹಾಡುಗಾರ್ತಿ 'ಸ' ಅಂದಾಗಲೆಲ್ಲ ಎಣ್ಣೆಯಲ್ಲಿ ಸಾಸಿವೆ ಸಿಡಿದಂತೆ ಚಟಪಟ.

"ನಮ್ಮಪ್ಪನ್ನ ಇದರ ಕೆಳಗ ಹಾಕಾಂಗಿಲ್ಲ," ಎಂದಳು ಗಿರಿಜಾ. ಅಷ್ಟೇ ಹೇಳಿ ರೆಕಾರ್ಡನ್ನು ಸೀರೆಗಳ ನಡುವೆ ಇಟ್ಟು ಕಪಾಟು ಮುಚ್ಚಿದಳು.

ಮೂತಿಯನ್ನು ಬಿಚ್ಚಿ ಚಟ್ನಿ ಡಬ್ಬಿಯಲ್ಲಿ ಹತ್ತಿ ಹಾಸಿ ಇಟ್ಟುಕೊಂಡು, ಇಬ್ಬರೂ ಪಣಜಿಗೆ ಹೋದೆವು. ರೆಕಾರ್ಡೂ ಜೊತೆಗೆ ಬಂತು. ಅಲ್ಲೊಂದು ಎಸಿ ಅಂಗಡಿ, ಗೋಡೆ ತುಂಬ ರೆಕಾರ್ಡು. ಮಾಲೀಕ ಮೊದಲು ಇಂಗ್ಲಿಷಿನಲ್ಲಿ ಶುರುಮಾಡಿದ. ನಾವಿಬ್ಬರೂ ಮಾತಾಡಿಕೊಂಡದ್ದು ಕಿವಿಗೆ ಬಿದ್ದದ್ದೇ ತಡ, ಮುಖ ಅರಳಿತು.

"ಧಾರವಾಡದ ಕಡೆಯವ್ರೇನ್ರಿ ಕಾಕಾರ? ನಾವು ಬೆಳಗಾಂವದವ್ರು. ಕುಂದರ್ರಿ, ಕುಂದರ್ರಿ."

ಚಹಾ ಬಂತು. ಚಹಾದ ಹಿಂದೆಯೇ ರೇಟು ಬಂತು.

"ಈ ಕಾರ್ಟ್ರಿಜ್ ಹಳೇದಾತ್ರಿ. ಹೊಸಾದು ಹಾಕೂಣು. ಹನ್ನೊಂದು ಸಾವಿರ."

ಕಾರ್ಟ್ರಿಜ್ ಅಂದರೆ ಮುಳ್ಳನ್ನು ಹಿಡಿದುಕೊಂಡಿರುವ, ಹೆಬ್ಬೆರಳ ತುದಿಯಷ್ಟಿರುವ ಡಬ್ಬಿ. ಮುಳ್ಳಿನ ನಡುಕವನ್ನು ದನಿಯಾಗಿಸಲು ವೈರಿಗೆ ದಾಟಿಸುವುದು ಅದೇ.

"ಅದು ಕೆಟ್ಟೈತೇನು?" ಎಂದೆ.

"ಕೆಟ್ಟಿಲ್ಲ. ಆದ್ರ ಅಪ್‌ಗ್ರೇಡ್ ಮಾಡಬೇಕಲ್ರಿ."

"ಚಪ್ಪಲಿ ಉಂಗುಷ್ಟ ಕಿತ್ತರ ಕಾಲು ಬದಲಿ ಮಾಡ್ತೀಯೇನಪಾ? ಮುಳ್ಳಷ್ಟ ಕೊಡು."

ಅವನು ನಕ್ಕ. "ಖರೇ ಹೇಳ್ಲಿ ಕಾಕಾರ? ಇದನ್ನ ಕೇಳೋ ಮಂದಿ ಬ್ಯಾರೇನ ಇರ್ತಾರ. ನಿಮಗ್ಯಾಕ ಈ ತ್ರಾಸು? ಫೋನಿನ್ಯಾಗ ಎಲ್ಲಾ ಸಿಗ್ತೈತಿ."

ಕೇಳುವ ಮಂದಿ ಬೇರೆಯಂತೆ. ಯಾರವರು? ಕಿವಿ ಎರಡಕ್ಕಿಂತ ಜಾಸ್ತಿ ಇರುವವರೇ? ಪಾತ್ರೆ ಮಾರುವವನಿಗೆ ಸ್ವರ ತಿಳಿಯುವುದಿಲ್ಲವೇ? ಹಿತ್ತಾಳೆಯ ಕೊಡವನ್ನು ಬೆರಳಲ್ಲಿ ತಟ್ಟಿ ಸೀಳು ಎಲ್ಲಿದೆಯೆಂದು ಹೇಳುವ ಕಿವಿ ಇದು.

"ಎಲ್ಲಾ ಸಿಗೂದಿಲ್ಲಪಾ," ಎಂದಳು ಗಿರಿಜಾ, ಮಡಿಲಲ್ಲಿದ್ದ ರೆಕಾರ್ಡಿನ ಮೇಲೆ ಕೈಯಿಟ್ಟುಕೊಂಡು.

ಅವನು ಗಾಜಿನ ಬಟ್ಟಲಿನಿಂದ ಪ್ಯಾಕೆಟ್ ಇಲ್ಲದ ಒಂದು ಮುಳ್ಳು ಹೆಕ್ಕಿದ. "ನಿಮ್ಮ ಕಾರ್ಟ್ರಿಜ್ ನಂಬರಿಗೆ ಇದು ಕುಂದರ್ತದ. ನಮ್ಮವ್ರು ಅಂತ ಆರನೂರು ಕೊಡ್ರಿ."

ಆರುನೂರು! ನನ್ನ ಕೈ ಆಗಲೇ ಕಿಸೆಯಲ್ಲಿತ್ತು. ಗೋವೆಯಲ್ಲಿ ನಮ್ಮ ಕಡೆಯವರು ನಮ್ಮ ಕಡೆಯವರಿಗೇ ಮಾಡುವ ವ್ಯಾಪಾರವಿದು. 'ನಮ್ಮವ್ರು' ಅಂದೊಡನೆ ಸರಕು ನೋಡುವ ಕಣ್ಣು ಮುಚ್ಚಿ, ಊರು ನೋಡುವ ಕಣ್ಣು ತೆರೆಯುತ್ತದೆ.

"ಬಾರಿಸಿ ತೋರಸ್ರಿ," ಎಂದಳು ಗಿರಿಜಾ.

ಅವನು ಮೂತಿಗೆ ಮುಳ್ಳು ಸಿಕ್ಕಿಸಿ ತನ್ನ ಮಷೀನಿಗೆ ಕೂರಿಸಿದ. ಅವಳ ರೆಕಾರ್ಡಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.

"ಮೊದಲ ನಿಮ್ಮದೊಂದು ಹಾಕ್ರಿ."

"ನಮ್ಮವೆಲ್ಲಾ ಭಾಳ ತುಟ್ಟೀವು, ಅವ್ವಾರ."

"ನಮ್ಮದು ಅಗ್ಗದ್ದೇನು?"

ಅವನು ಗೋಡೆ ನೋಡಿದ. ಅಷ್ಟೊಂದು ರೆಕಾರ್ಡು, ಆ ಮುಳ್ಳಿನ ಕೆಳಗೆ ಇಡಲು ಒಂದನ್ನೂ ಎಳೆಯಲಿಲ್ಲ. ಕೊನೆಗೆ ಮುಳ್ಳನ್ನು ಕಳಚಿ ಬಟ್ಟಲಿಗೆ ಹಾಕಿ, ಒಳಗಿನಿಂದ ಸೀಲು ಒಡೆಯದ ಪ್ಯಾಕೆಟ್ ತಂದ. ಇದಕ್ಕೆ ಎರಡು ಸಾವಿರದ ಇನ್ನೂರು ಅಂದ. ಹೊಸ ಮುಳ್ಳು ಹಾಕಿ ತನ್ನದೇ ರೆಕಾರ್ಡು ಇಟ್ಟ, ಈ ಸಲ ಹಿಂದೆಮುಂದೆ ನೋಡಲಿಲ್ಲ. ನಾನು ಸಾವಿರದ ಎಂಟುನೂರಕ್ಕೆ ಇಳಿಸಿದೆ. (ಇಳಿಸದೆ ಬಂದರೆ ರಾತ್ರಿ ಊಟ ಸೇರುವುದಿಲ್ಲ.)

ಸಂಜೆ ಮನೆಯಲ್ಲಿ ಹಾಕಿದೆವು. ಎರಡನೇ ನುಡಿಗೆ ಮುಂಚೆ ಪೇಟಿ ಒಂಟಿಯಾಗಿ ಒಂದು ಸುತ್ತು ಬರುತ್ತದೆ. ಗಿರಿಜಾ ತಲೆ ಓರೆಮಾಡಿ ಕೇಳಿದಳು.

"ಅಪ್ಪ ಇಲ್ಲಿ ಜರಾ ಅವಸರ ಮಾಡ್ಯಾನ ನೋಡ್ರಿ," ಎಂದಳು. ಆಮೇಲೆ ಕಣ್ಣೊರೆಸಿಕೊಂಡಳು.

ಈಗ ನಿಮಗೆ ನಾಲ್ಕು ಮಾತು. ಹಳೆ ಟರ್ನ್‌ಟೇಬಲ್ ಕೊಂಡರೆ, ಹಿಂದಿನವರು ಎಷ್ಟೇ ಆಣೆ ಮಾಡಲಿ, ಅದರಲ್ಲಿರುವ ಮುಳ್ಳನ್ನು ನಂಬಬೇಡಿ. ಕಾರ್ಟ್ರಿಜ್ ಎರಡೂ ಕಡೆ ಸಮನಾಗಿ ನುಡಿಯುತ್ತಿದ್ದರೆ ಅದನ್ನು ಬಿಡಿ, ಅದರ ನಂಬರು ನೋಡಿ ಮುಳ್ಳು ಮಾತ್ರ ಬದಲಿಸಿ. ಆ ಮುಳ್ಳು ಸಿಗುವುದೇ ನಿಂತುಹೋಗಿದ್ದರೆ ಮಾತ್ರ ಹೊಸ ಕಾರ್ಟ್ರಿಜ್. ಆಗಲೂ ಮುಳ್ಳು ಸುಲಭಕ್ಕೆ ಸಿಗುವಂಥದ್ದನ್ನೇ ಆರಿಸಿ. ಮನೆಯಲ್ಲಿ ಕೇಳಲು ಗುಂಡು ಮೊನೆಯ ಮುಳ್ಳು ಸಾಕು. ಅಜ್ಜನ ಕಾಲದ ದಪ್ಪ ಅರಗಿನ ರೆಕಾರ್ಡಿಗೆ ಮಾತ್ರ ಅಗಲ ಮೊನೆಯದು ಬೇರೆಯೇ ಬೇಕು. ಎಷ್ಟು ಭಾರ ಇರಬೇಕೆಂದು ಪ್ಯಾಕೆಟ್ಟಿನಲ್ಲಿ ಬರೆದಿರುತ್ತದೆ. ತೋಳಿನ ಹಿಂತುದಿಯಲ್ಲಿರುವ ತೂಕದ ಗುಂಡನ್ನು ತಿರುಗಿಸಿ ಅಷ್ಟಕ್ಕೇ ನಿಲ್ಲಿಸಿ. ನಾಣ್ಯ ಇಡಬೇಡಿ.

ಮತ್ತು ಯಾವ ಮುಳ್ಳನ್ನೇ ಕೊಳ್ಳಿ, ಮೊದಲು ಅಂಗಡಿಯವನ ರೆಕಾರ್ಡಿನ ಮೇಲೇ ಓಡಿಸಿ. ಅವನು ತಡವರಿಸಿದರೆ ಎದ್ದು ಬನ್ನಿ, ಚಹಾ ಕುಡಿಸಿದ್ದರೂ ಸರಿ, ನಿಮ್ಮ ಓಣಿಯವನೇ ಆಗಿದ್ದರೂ ಸರಿ.