ಸಖುಬಾಯಿಯ ಎಡಮಗ್ಗುಲು

ಎರಡನೆಯ ವರ್ಷವೂ ಮಳೆ ಕೈಕೊಟ್ಟಾಗ ಠಾಣಾ ಕುಶನೂರಿನ ಸಖುಬಾಯಿ ತನ್ನ ತಮ್ಮ ವೈಜಿನಾಥನೊಂದಿಗೆ ಕುರಿ ಹೊಡೆದುಕೊಂಡು ಭಾಲ್ಕಿಯ ಕಡೆ ಹೊರಟಳು. ಗಂಡ ತೀರಿಕೊಂಡ ಮೇಲೆ ಹಿಂಡು ಬೆಳೆಸಿದವಳು ಅವಳೇ. ದಾರಿಯಲ್ಲಿ ತಮ್ಮ ಮುಂದೆ, ಅವಳು ಹಿಂದೆ.

ಹಲಬರ್ಗಾ ದಾಟುವ ಹೊತ್ತಿಗೆ ಮರಿಗಳು ಕಾಣೆಯಾಗತೊಡಗಿದವು. ಸಖುಬಾಯಿಯ ಅನುಮಾನ ನೇರವಾಗಿ ತಮ್ಮನ ಮೇಲೆ ಹೋಯಿತು. ಅವನು ಫೋನಿನಲ್ಲಿ ಮಾತಾಡಿದರೆ ಮರೆಯಲ್ಲಿ ನಿಂತು ಕೇಳುವಳು. ಒಂದು ಸಂಜೆ ಕೇಳಿಯೇಬಿಟ್ಟಳು.

“ಮರಿ ಯಾರಿಗಿ ಕೊಟ್ಟಿ?”

“ನಿನ್ನ ಎಡ ಬಾಜೂದಿಂದನೇ ಹೊಲದಾಗ ಹೊಕ್ಕಾವ ಅಕ್ಕಾ. ನೀ ನೋಡಿನೂ ಸುಮ್ನ ಇರ್ತಿ. ನೀನೇ ಯಾರಿಗರ ಕೊಡ್ಲತ್ತಿ ಅಂತ ನಾ ತಿಳಕೊಂಡಿದ್ದೆ.”

ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಭಾಲ್ಕಿಯಲ್ಲಿ ಎಡಗಡೆಯಿಂದ ಬಂದ ಬೈಕಿಗೆ ಅವಳು ಅಡ್ಡ ಹೋದಳು. ಮೊಣಕಾಲು ತರಚಿತು. “ಗಾಡಿ ಎಲ್ಲಿತ್ತು?” ಎಂದು ಅವಳು ಕೇಳಿದಾಗ ವೈಜಿನಾಥ ದಂಗಾದ. ಕಣ್ಣಿನ ಡಾಕ್ಟರ ಬಳಿ ಕರೆದೊಯ್ದ. ಹಲಗೆಯ ಮೇಲಿನ ಚಿತ್ರಗಳನ್ನೆಲ್ಲ ಅವಳು ಸರಿಯಾಗಿ ಗುರುತಿಸಿದಳು. ಆದರೂ ಕಣ್ಣಿನ ನರ ನೋಡಿದ ಡಾಕ್ಟರು ಬೀದರಿಗೆ ಹೋಗಿ ಎಂದರು. ತನ್ನನ್ನು ಕುರುಡಿ ಎನಿಸಿ ಹಿಂಡು ಕಬಳಿಸಲು ತಮ್ಮ ಹೂಡಿದ ಆಟವಿದು ಎಂದುಕೊಂಡೇ ಅವಳು ಹಿಂಡನ್ನು ಪರಿಚಯದ ಕುರಿಗಾರರಿಗೆ ಒಪ್ಪಿಸಿ ಬಸ್ಸು ಹತ್ತಿದಳು.

ಬೀದರಿನ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡುವ ಚಾಂದಬೀ ಎಂಬ ಹುಡುಗಿ ಅವಳ ಒಂದು ಕಣ್ಣು ಮುಚ್ಚಿ, ದೊಡ್ಡ ಬಿಳಿ ಬೋಗುಣಿಯಂಥ ಯಂತ್ರದ ಎದುರು ಕೂರಿಸಿದಳು. ನಡುವಿನ ಚುಕ್ಕಿಯನ್ನೇ ನೋಡಬೇಕು, ಸುತ್ತ ಎಲ್ಲಿ ಬೆಳಕು ಮಿನುಗಿದರೂ ಗುಂಡಿ ಒತ್ತಬೇಕು. ಬಹಳ ಹೊತ್ತು ಏನೂ ಮಿನುಗಲಿಲ್ಲ.

“ಮಷಿನ್ ಬಂದ್ ಆಗ್ಯಾದ ನೋಡ್ರಿ.”

“ಇಲ್ರಿ ಅಮ್ಮಾ, ನಡೀಲತ್ತದ.”

ಎಡಗಣ್ಣಿನ ನೋಟ ಬಹುಪಾಲು ಹೋಗಿತ್ತು. ಬಲಗಣ್ಣಿನದು ಮೂಗಿನ ಕಡೆ ಸವೆದಿತ್ತು. ಹೀಗಾಗಿ ಎಡಮಗ್ಗುಲಲ್ಲಿ ಏನಿದ್ದರೂ ಅವಳಿಗೆ ಕಾಣುತ್ತಿರಲಿಲ್ಲ. ಇದು ಗ್ಲಾಕೋಮಾ, ಕಣ್ಣಿನೊಳಗೆ ಒತ್ತಡ ಏರಿ ನರ ಸವೆಯುವ ರೋಗ, ಹೋದ ನೋಟ ಮರಳದು, ಉಳಿದದ್ದನ್ನು ಔಷಧ ಹಾಕಿ ಕಾಪಾಡಬಹುದು ಎಂದರು ಅಲ್ಲಿನ ಡಾಕ್ಟರಮ್ಮ.

ಸಖುಬಾಯಿ ನಂಬಲಿಲ್ಲ. “ಇವನಿಗಿ ಕೂಡಿಸ್ರಿ. ಇವನಿಗೂ ಕಾಣಂಗಿಲ್ಲ.”

“ಕೂಡಿಸಲೇಬೇಕ್ರಿ. ಒಡಹುಟ್ಟಿದವರಿಗಿ ಇದು ಬರೋದು ಹೆಚ್ಚು.”

ವೈಜಿನಾಥ ಕುಳಿತ. ಅವಳು ಬಾಗಿಲಲ್ಲಿ ನಿಂತು ಕಿವಿಗೊಟ್ಟಳು. ಗುಂಡಿಯ ಸದ್ದು ಬಿಡುವಿಲ್ಲದೆ ಬರುತ್ತಿತ್ತು. ಅಷ್ಟೂ ಬೆಳಕು ತನ್ನ ಸರದಿಯಲ್ಲೂ ಮಿನುಗಿರಬೇಕು. ಮರಿಗಳು ತನ್ನ ಕಣ್ಣೆದುರೇ ಹೋಗಿರಬೇಕು.

ಆದರೆ ತಮ್ಮನ ಬಲಗಣ್ಣಿನಲ್ಲೂ ಮೂಗಿನ ಬದಿಗೆ ಕೆಲವು ಜಾಗ ಮಸುಕಾಗಿದ್ದವು. ಕಣ್ಣಿನ ಒತ್ತಡವೂ ಹೆಚ್ಚಿತ್ತು. ರೋಗ ಈಗಷ್ಟೇ ಶುರುವಾಗಿತ್ತು.

“ನನಗ ಏನೂ ಆಗಿಲ್ಲ. ದವಾ ಮಾರ್ಲಿಕ್ಕಿ ಹೇಳ್ತಾರ,” ಎಂದ ವೈಜಿನಾಥ.

“ನನಗೂ ಏನೂ ಆಗಿಲ್ಲಂತನೇ ಬಂದೀನಿ,” ಎಂದಳು ಸಖುಬಾಯಿ. “ನಿನ್ನ ಮ್ಯಾಲ ಸುಳ್ಳೇ ಸಂಶೆ ಪಟ್ಟೆ ತಮ್ಮಾ. ಈ ಮಾತರ ಕೇಳು.”

ಅಡವಿಯಲ್ಲಿ ಅವರು ಒಬ್ಬರ ಕಣ್ಣಿಗೆ ಒಬ್ಬರು ಔಷಧದ ಹನಿ ಹಾಕಿದರು. ಮರುವರ್ಷದ ಪರೀಕ್ಷೆಯಲ್ಲಿ ಇಬ್ಬರ ನೋಟವೂ ಇದ್ದಲ್ಲೇ ನಿಂತಿತ್ತು. ಡಾಕ್ಟರಮ್ಮ ಹಾಗೆಂದದ್ದು ಸಾಲದೆ, ಯಂತ್ರ ಬರೆದ ತಮ್ಮನ ನೋಟದ ಹಳೆಯ ಮತ್ತು ಹೊಸ ಚಿತ್ರ ಪಕ್ಕಪಕ್ಕ ಇಡಿಸಿ, ಅವುಗಳಲ್ಲಿನ ಮಸುಕನ್ನು ಬೆರಳಿನಿಂದ ಅಳೆದು ನೋಡಿಯೇ ಸಖುಬಾಯಿ ಎದ್ದಳು.