ಕಾಲಿನ ಬ್ರೇಕು ಕೈಗೆ ಬಂದಾಗ

ಐವತ್ತರ ದಶಕದ ಕೊನೆಯ ವರ್ಷಗಳು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ನಾನು ಸೈಕಲ್ ಅಂಗಡಿ ಹಾಕಿ ಹೆಚ್ಚು ಕಾಲವಾಗಿರಲಿಲ್ಲ. ವಿಲಾಯಿತಿ ಬಿಡಿಭಾಗಗಳು ಬರುವುದು ನಿಂತಂತೆಯೇ ಆಗಿದ್ದರಿಂದ, ಹಳೆಯ ಸೈಕಲ್ಲುಗಳಿಗೆ ಇಲ್ಲಿಯ ಸಾಮಾನು ಕೂರಿಸುವ ಕೆಲಸ ಕೈತುಂಬ ಇತ್ತು.

ಭದ್ರಾವತಿಯ ಕಾರ್ಖಾನೆಯೊಂದರ ಮೇಸ್ತ್ರಿ ಮುನಿಸ್ವಾಮಿ ತನ್ನ ಸೈಕಲ್ಲನ್ನು ಬಸ್ಸಿನ ಮೇಲೆ ಹೇರಿಸಿಕೊಂಡು ಬಂದ. ಅದಕ್ಕೆ ಕೈ ಬ್ರೇಕೇ ಇಲ್ಲ. ಪೆಡಲನ್ನು ಹಿಂದಕ್ಕೆ ತುಳಿದರೆ ಹಿಂದಿನ ಚಕ್ರದ ನಡುವಿನ ಹಬ್‌ನೊಳಗೇ ಹಿಡಿದು ನಿಲ್ಲುವ ಏರ್ಪಾಡು. ಅದು ಸವೆದಿತ್ತು; ಅದರ ಬಿಡಿಭಾಗ ಎಲ್ಲೂ ಸಿಗುತ್ತಿರಲಿಲ್ಲ. ಹಿಂದಕ್ಕೆ ತುಳಿದರೆ ಬರಿದೇ ಸುತ್ತುವ ಫ್ರೀವೀಲ್ ಹಾಕಿ ಕೈ ಬ್ರೇಕು ಕೂರಿಸುವುದೆಂದು ತೀರ್ಮಾನವಾಯಿತು. ಬಿಚ್ಚಿದ ಸಾಮಾನು ಅಂಗಡಿಗೆ, ಅದಕ್ಕೆ ತಕ್ಕಂತೆ ಕೂಲಿಯಲ್ಲಿ ರಿಯಾಯಿತಿ. ನಮ್ಮ ಕಸುಬಿನ ವಾಡಿಕೆ ಅದು. ಕೆಲಸ ಒಪ್ಪಿಗೆಯಾದರೆ ಕೈಕೆಳಗಿನವರ ಸೈಕಲ್ಲುಗಳನ್ನೂ ನನಗೇ ಕಳಿಸುವುದಾಗಿ ಆತ ಮಾತು ಕೊಟ್ಟ. ನನ್ನ ಕಣ್ಣು ಇದ್ದದ್ದು ಅದರ ಮೇಲೆ.

ಹಳೆಯ ರಿಮ್‌ಗೆ ಬ್ರೇಕಿನ ರಬ್ಬರು ಕೂರಲಿಲ್ಲ, ರಿಮ್ ಬದಲಾಯಿಸಿದೆ. ಹೊಸ ಹಬ್ ಅಗಲವಾಯಿತು; ಹಿಂದಿನ ಫೋರ್ಕನ್ನು ಹಿಗ್ಗಿಸಿದೆ. ಕೊಡುವಾಗ, "ಇನ್ಮೇಲೆ ಕೈಯಲ್ಲಿ ಹಿಡೀಬೇಕು ಮೇಸ್ತ್ರಿ" ಎಂದೆ. "ನಂಗೇ ಪಾಠನಾ?" ಎಂದು ನಕ್ಕು ಹೋದ.

ಅದೇ ವಾರ ಕೈಕೆಳಗಿನ ನಾಲ್ವರನ್ನು ಕಟ್ಟಿಕೊಂಡು ಬಂದ. ಮೊಣಕೈ ತರಚಿತ್ತು, ಅಂಗಿ ಹರಿದಿತ್ತು. ಕಾರ್ಖಾನೆಯ ಗೇಟಿನೆದುರೇ, ಪಾಳಿ ಬಿಟ್ಟ ಜನರ ನಡುವೆ ಬಿದ್ದಿದ್ದನಂತೆ.

"ಏನ್ ಸಾಬ್ರೇ, ಬ್ರೇಕ್ ಹಾಕಿದೀರೋ, ಬರೀ ಕಡ್ಡಿ ಸಿಗಿಸಿದೀರೋ?"

ಚಕ್ರ ಎತ್ತಿ ತಿರುಗಿಸಿ ಬ್ರೇಕು ಒತ್ತಿದೆ. ಗಪ್ಪನೆ ನಿಂತಿತು.

"ನಿಲ್ಸಿಟ್ಟು ಒತ್ತಿದ್ರೆ ಯಾವ್ದಾದ್ರೂ ಹಿಡಿಯುತ್ತೆ ಕಣ್ರೀ. ಮೋಸದ ಅಂಗಡಿ ಇದು!"

ರಸ್ತೆಯಲ್ಲಿ ಜನ ನಿಂತರು. ನನಗೂ ರೇಗಿತು. "ಹಾಗಾದ್ರೆ ನೀವೇ ಓಡ್ಸಿ" ಎಂದೆ. ಹತ್ತಿದ. ವೇಗ ಕೂಡಿದ ಮೇಲೆ "ನಿಲ್ಸಿ!" ಎಂದು ಕೂಗಿದೆ. ಆತನ ಕೈ ಅಲ್ಲಾಡಲಿಲ್ಲ, ಎರಡೂ ಕಾಲು ಹಿಂದಕ್ಕೆ ತುಳಿದವು. ಫ್ರೀವೀಲ್ ಕಟಕಟನೆ ಸುತ್ತಿತು; ಸೈಕಲ್ಲು ಸೀದಾ ಚರಂಡಿಗೆ.

"ಮೇಸ್ತ್ರಿ, ಬ್ರೇಕು ಕೈಗೆ ವರ್ಗ ಆಗಿದೆ ಮಾರಾಯ, ಕಾಲಿಗಿನ್ನೂ ಆರ್ಡರ್ ಬಂದಿಲ್ಲ!" ಎಂದ ಪಕ್ಕದ ಬೀಡಿ ಅಂಗಡಿಯವನು. ಜೊತೆಗೆ ಬಂದಿದ್ದವರೂ ನಕ್ಕುಬಿಟ್ಟರು.

ಮೇಸ್ತ್ರಿ ಕೆಸರು ಒರೆಸಿಕೊಂಡು ಬಂದು, "ನನ್ನ ಹಳೇ ಹಬ್ ವಾಪಸ್ ಹಾಕ್ಕೊಡಿ" ಎಂದ.

ಅದು ಇರಲಿಲ್ಲ. ಆತ ಸೈಕಲ್ಲು ಒಯ್ದ ಮರುದಿನವೇ ಅಂಥದ್ದೇ ಇನ್ನೊಂದು ಸವೆದ ಹಬ್ ಸಿಕ್ಕಿತ್ತು. ಎರಡರ ಗಟ್ಟಿ ಭಾಗ ಸೇರಿಸಿ ಒಂದು ಮಾಡಿ ಗಾಜನೂರಿನ ಹಾಲಿನವನ ಸೈಕಲ್ಲಿಗೆ ಹಾಕಿದ್ದೆ. ಹಾಗೆಂದೇ ಹೇಳಿದೆ.

ನಗು ನಿಂತಿತು. "ಹಂಗಾದ್ರೆ ನನ್ನದನ್ನೇ ರಿಪೇರಿ ಮಾಡ್ಬಹುದಿತ್ತು" ಎಂದ ಆತ, ಮೆಲ್ಲಗೆ. ಇನ್ನೊಂದು ಸಿಕ್ಕಿದ್ದು ಆಮೇಲೆ ಎಂದು ಎಷ್ಟು ಹೇಳಿದರೂ ಯಾರೂ ಕೇಳಿಸಿಕೊಳ್ಳಲಿಲ್ಲ. ಸೈಕಲ್ಲು ತಳ್ಳಿಕೊಂಡು ಎದುರಿನ ಸೈಕಲ್ ಅಂಗಡಿಗೆ ಹೋದ. ಆ ಕಾರ್ಖಾನೆಯ ಒಂದು ಸೈಕಲ್ಲೂ ಮತ್ತೆ ನನ್ನ ಬಾಗಿಲಿಗೆ ಬರಲಿಲ್ಲ.

ನನ್ನ ಬ್ರೇಕು ಸರಿಯಿತ್ತೆಂದು ಇವತ್ತಿಗೂ ಹೇಳುತ್ತೇನೆ. ಆದರೆ ಈ ಕಸುಬಿಗೆ ಇಳಿಯುವವರು ಕೇಳಿ: ಹೊಸದಕ್ಕೆ ಗಿರಾಕಿಯ ಕಾಲು ಒಗ್ಗುವ ತನಕ ಬಿಚ್ಚಿದ ಹಳೆಯ ಸಾಮಾನನ್ನು ಮುಟ್ಟಬೇಡಿ. ಅವನ ತಪ್ಪನ್ನು ತೋರಿಸಲೇಬೇಕಾದರೆ ಅಂಗಡಿಯೊಳಗೆ ಕರೆದು ತೋರಿಸಿ. ಬೀದಿಯಲ್ಲಿ ಗೆದ್ದರೆ, ಜನ ಸೇರಿ ವ್ಯಾಪಾರವಾಗುವ ಬೀಡಿ ಅಂಗಡಿಯವನಿಗೆ ಮಾತ್ರ ಲಾಭ.